ಒಂದು ಬಟನ್, ನಾಲ್ಕು ಪುಟ: ನನ್ನ ಆರನೆಯ ಅಭ್ಯಾಸ ಪಾಠ

ಆರನೆಯ ಅಭ್ಯಾಸ ಪಾಠವನ್ನು ಒಂಬತ್ತನೆಯ ತರಗತಿಯ 'ಎ' ವಿಭಾಗಕ್ಕೆ ಕಂಪ್ಯೂಟರ್ ಕೊಠಡಿಯಲ್ಲಿ ಮಾಡಿದೆ. ಪಾಠಾಂಶ: ವೆಬ್ ಪುಟದಲ್ಲಿ ಮರುಬಳಕೆಯ ಭಾಗಗಳು. ಎಚ್‌ಟಿಎಂಎಲ್‌ನಲ್ಲಿ ಬಟನ್ ಬರೆಯುವುದು, ಅದಕ್ಕೆ ಬಣ್ಣ ಕೊಡುವುದು ಮಕ್ಕಳ ಪೂರ್ವಜ್ಞಾನ.

ಪೀಠಿಕೆಗೆ ರಜಾ ಅರ್ಜಿಯನ್ನು ಆರಿಸಿಕೊಂಡೆ. "ಎಲ್ಲರ ಅರ್ಜಿಯಲ್ಲೂ ಒಂದೇ ಆಗಿರುವುದು ಯಾವುದು? ಬದಲಾಗುವುದು ಯಾವುದು?" ಒಕ್ಕಣೆ ಒಂದೇ, ಹೆಸರು, ದಿನಾಂಕ, ಕಾರಣ ಬೇರೆ ಎಂದರು. ಬಟನ್ನಿಗೂ ಇದೇ ಮಾತು ಎಂದು ಪಾಠಕ್ಕೆ ಬಂದೆ.

ಮೊದಲು ನಾಲ್ಕು ಪುಟಗಳಲ್ಲಿ 12 ಬಟನ್ ಇರುವ ಕಡತ ಕೊಟ್ಟೆ. ಪ್ರತಿ ಬಟನ್ನಿನೊಳಗೂ ಅದರ ಬಣ್ಣ, ಅಳತೆ ಬರೆದಿತ್ತು. "ನೀಲಿಯನ್ನು ಹಸಿರು ಮಾಡಿ" ಎಂದಾಗ ಹಲವರ ಪುಟಗಳಲ್ಲಿ ಒಂದೆರಡು ನೀಲಿಯಾಗಿಯೇ ಉಳಿದವು. ಬಳಿಕ ಆ ವಿವರಗಳನ್ನೆಲ್ಲ ಒಂದೇ ಸಿಎಸ್‌ಎಸ್ ಕಡತದಲ್ಲಿ 'ಬಟನ್' ಎಂಬ ಕ್ಲಾಸಿಗೆ ಸೇರಿಸಿ, ನಾಲ್ಕೂ ಪುಟಗಳಿಗೆ ಜೋಡಿಸಿದೆವು. ಒಂದು ಸಾಲು ತಿದ್ದಿದರೆ ಹನ್ನೆರಡೂ ಬದಲಾದವು. ಅಳಿಸುವ ಬಟನ್ನಿಗೆ 'ಎಚ್ಚರಿಕೆ' ಎಂಬ ಎರಡನೆಯ ಕ್ಲಾಸ್ ಸೇರಿಸಿ, ಅದರ ನಿಯಮವನ್ನು ಮೊದಲಿನದರ ಕೆಳಗೆ ಬರೆದೆವು. ಅದರಲ್ಲಿದ್ದುದು ಕೆಂಪು ಬಣ್ಣ ಮಾತ್ರ. ಉಳಿದದ್ದೆಲ್ಲ ಮೊದಲ ಕ್ಲಾಸಿನಿಂದಲೇ ಬಂತು.

ಆಗ ಒಬ್ಬ ಹುಡುಗಿ ಎದ್ದು, "ಮಿಸ್, ನನ್ನ ಬಟನ್ನಿಂದ ಅಕ್ಷರ ಹೊರಗೆ ಬಂದಿದೆ" ಎಂದಳು. ಅವಳು ಬರೆದಿದ್ದು 'ಸ್ಪರ್ಧೆಗೆ ಹೆಸರು ನೋಂದಾಯಿಸಿ'. ನಾನು ಅಗಲ 80 ಪಿಕ್ಸೆಲ್, ಎತ್ತರ 30 ಪಿಕ್ಸೆಲ್ ಎಂದು ಕಟ್ಟಿಹಾಕಿ, 'ಸರಿ' ಎಂಬ ಪದ ಹಾಕಿ ಮಾತ್ರ ನೋಡಿದ್ದೆ.

"ಚಿಕ್ಕ ಪದ ಹಾಕಮ್ಮ" ಎಂದೆ.

"ಚಿಕ್ಕದು ಹಾಕಿದ್ರೆ ಯಾತಕ್ಕೆ ಅಂತ ಗೊತ್ತಾಗಲ್ಲ ಮಿಸ್."

ಅವಳ ಮಾತು ಸರಿ. ಅಗಲ, ಎತ್ತರ ಎರಡನ್ನೂ ತೆಗೆದು, ಪ್ಯಾಡಿಂಗ್ ಮೇಲೆ ಕೆಳಗೆ 8, ಅಕ್ಕಪಕ್ಕ 16 ಪಿಕ್ಸೆಲ್ ಕೊಡಿಸಿದೆ. ಬಟನ್ ಮಾತಿನಷ್ಟು ಬೆಳೆಯಿತು; ಒತ್ತಕ್ಷರಗಳಿಗೂ ಜಾಗ ಸಿಕ್ಕಿತು.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು: "ಪರಿಹಾರವನ್ನು ನೀವೇ ಹೇಳಿದಿರಿ. ತರಗತಿಯನ್ನು ಕೇಳಬಹುದಿತ್ತು."

'ಬಿ' ವಿಭಾಗಕ್ಕೆ ಅದೇ ಪಾಠಯೋಜನೆ ಒಯ್ದೆ, ಒಂದು ಹಂತ ಮಾತ್ರ ಬದಲಿಸಿ. ಅಳತೆ ಕಟ್ಟಿದ ಬಟನ್ ಕೊಟ್ಟು, ಚಿಕ್ಕ, ಮಧ್ಯಮ, ಉದ್ದ ಎಂದು ಮೂರು ಬರಹ ಹಾಕಿ ನೋಡಲು ಹೇಳಿ ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಬೆಂಚಿನಿಂದ, "ಅಗಲ ಯಾಕೆ ಹೇಳ್ಬೇಕು ಮಿಸ್, ತೆಗೆದ್ರೆ ಆಗಲ್ವಾ?" ಎಂಬ ಪ್ರಶ್ನೆ ಬಂತು.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದೇ ಸೂಚನೆ: ಮಾದರಿಯನ್ನು ಅತಿ ಉದ್ದದ ಕನ್ನಡ ಬರಹದಿಂದ ಮೊದಲೇ ಪರೀಕ್ಷಿಸಿಕೊಳ್ಳಿ.