ಬಕುಲವೋ, ಅಬ್ಬಲಿಗೆಯೋ?

ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ನೌಕರರ ವಸತಿಗಳಲ್ಲಿರುವವರಿಗೆ ಮನೆ ಸ್ವಂತದ್ದಲ್ಲ. ವರ್ಗವೋ ನಿವೃತ್ತಿಯೋ ಬಂದರೆ ಬಿಡತಕ್ಕುದು. ಹೀಗಿರುವಾಗ ಕಟ್ಟಡದ ಬದಿಯ ತುಂಡು ನೆಲದಲ್ಲಿ ಮರ ನೆಡುವುದೋ, ಹೂಗಿಡ ನೆಡುವುದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮವರೆಲ್ಲ ಬಲ್ಲ ಎರಡನ್ನು ಹೋಲಿಸಿ ನೋಡೋಣ.

ಬಕುಲ: ಕರಾವಳಿಯವರ ರೆಂಜೆ. ಇದು ನಿತ್ಯಹಸುರಿನ ಮರ. ಒಮ್ಮೆಗೇ ಎಲೆ ಉದುರಿಸಿ ಬೋಳಾಗದು. ಮೇ ತಿಂಗಳ ಬಿಸಿಲಿನಲ್ಲಿಯೂ ದಟ್ಟ ನೆರಳುಂಟು. ಹೂವು ಒಣಗಿದರೂ ಪರಿಮಳ ಹೋಗದು. ಆದರೆ ಬೆಳವಣಿಗೆ ಬಲು ನಿಧಾನ. ಮೇಲಾಗಿ, ಮಹಾರಾಷ್ಟ್ರದ 1975ರ ನಗರ ವೃಕ್ಷಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಆದುದರಿಂದ ಗೋಡೆ, ಚರಂಡಿ, ನೀರಿನ ಕೊಳವೆಗಳಿಗೆ ದೂರವಾದ ಸ್ಥಳವನ್ನು ಮೊದಲೇ ಆರಿಸಬೇಕು.

ಅಬ್ಬಲಿಗೆ: ಬಯಲುಸೀಮೆಯವರ ಕನಕಾಂಬರ, ಮರಾಠಿಯವರ ಅಬೋಲಿ. ವರ್ಷವರ್ಷವೂ ಬಾಳುವ ಚಿಕ್ಕ ಗಿಡ. ಬೀಜದಿಂದಲೂ ಕಡ್ಡಿಯಿಂದಲೂ ಬರುತ್ತದೆ. ಕೆಲವೇ ತಿಂಗಳಲ್ಲಿ ಹೂ ಬಿಡುತ್ತದೆ. ಪರಿಮಳವಿಲ್ಲ, ಮುಡಿದರೆ ಬೇಗ ಬಾಡದಿರುವುದೇ ಅದರ ಗುಣ. ಡಬ್ಬದಲ್ಲಿಯೂ ಬೆಳೆಯುವುದರಿಂದ ವರ್ಗವಾದರೆ ಜೊತೆಗೆ ಒಯ್ಯಬಹುದು. ನಿಂತ ನೀರು ಇದರ ಶತ್ರು. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮುಂಬಯಿಯ ಮಳೆಗೆ ಬೇರು ಕೊಳೆಯದಂತೆ ಮಣ್ಣು ಏರಿಸಿ, ನೀರು ಹರಿಯಲು ದಾರಿ ಮಾಡಬೇಕು.

ಇವೆರಡಕ್ಕೂ ವೈರವಿಲ್ಲ. ಅಬ್ಬಲಿಗೆಗೆ ಅರೆನೆರಳು ಒಗ್ಗುತ್ತದೆ. ಮರದ ಬುಡದಲ್ಲಲ್ಲ, ನೆರಳಿನ ಅಂಚಿನಲ್ಲಿ ನೆಡಬೇಕು. ಒಂದಕ್ಕೇ ಸ್ಥಳವಿದ್ದರೆ, ಗೋಡೆಯ ಮಗ್ಗುಲಿಗೆ ಅಬ್ಬಲಿಗೆ, ತೆರೆದ ಅಂಗಳಕ್ಕೆ ಬಕುಲ. ಬಕುಲದ ನೆರಳು ನಮಗೆ ದೊರೆಯದೆ ಹೋಗಬಹುದು. ಮುಂದೆ ಆ ಮನೆಗೆ ಬರುವವರ ಮಕ್ಕಳಿಗೆ ದೊರೆತೀತು. ವಸತಿಯ ಕಚೇರಿಯ ಒಪ್ಪಿಗೆ ಪಡೆದು, ಮೊದಲ ಮಳೆ ಬಿದ್ದು ನೆಲ ಮೆತ್ತಗಾದೊಡನೆ ಸಸಿ ನೆಡಿರಿ.