ಎಐ ಬರೆದದ್ದನ್ನು ತಾಳೆ ನೋಡೋರು ಯಾರು?

ನಮ್ಮ ಕ್ಯಾಂಪಸ್‌ನಲ್ಲಿ ಅಸೈನ್‌ಮೆಂಟ್‌ಗೆ, ಲ್ಯಾಬ್ ಕೋಡ್‌ಗೆ ಎಐ ಟೂಲ್ ತೆರೆಯದವರು ಕಡಿಮೆ. ಇಲ್ಲಿ ತಪ್ಪಾದ್ರೆ ನಮ್ಮದೇ ಎರಡು ಮಾರ್ಕ್ಸ್ ಹೋಗತ್ತೆ. ಆದರೆ ಡಿಟಿಪಿ, ಡೇಟಾ ಎಂಟ್ರಿ, ಬಿಲ್ಲಿಂಗ್, ಅನುವಾದದಂಥ ಕೆಲಸದಲ್ಲಿ ತಪ್ಪಾದ್ರೆ ನಷ್ಟ ಬೇರೆಯವರಿಗೆ. ಐಟಿಐನಲ್ಲಿ ಕೋಪಾ ಟ್ರೇಡ್ ಓದೋ ಗೆಳೆಯರಿಗೂ, ಡಿಪ್ಲೊಮಾ ಮುಗಿಸಿ ನಮ್ಮ ಕ್ಲಾಸಿಗೆ ಬಂದವರಿಗೂ, ರಜೆಯಲ್ಲಿ ಪಾರ್ಟ್‌ಟೈಮ್ ಮಾಡೋರಿಗೂ ಇದು ಗೊತ್ತಿರಬೇಕು.

ಮೊದಲು ಒಂದು ವಿಷಯ. ಚಾಟ್‌ಬಾಟ್ ಉತ್ತರವನ್ನು ತಿಳಿದು ಹೇಳಲ್ಲ. ಮುಂದಿನ ಪದ ಯಾವುದು ಬರಬಹುದು ಅಂತ ಲೆಕ್ಕ ಹಾಕಿ ಜೋಡಿಸತ್ತೆ. ಅದಕ್ಕೇ ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಧೈರ್ಯವಾಗಿ ಬರತ್ತೆ. ಕನ್ನಡದಲ್ಲಿ ಅದು ಕಲಿತ ಪಠ್ಯ ಇಂಗ್ಲಿಷಿಗಿಂತ ಬಹಳ ಕಡಿಮೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸಂತಾಪದ ಸುದ್ದಿ ಕನ್ನಡದಲ್ಲಿ ಫೇಸ್‌ಬುಕ್‌ಗೆ ಬಂತು. ಅಲ್ಲಿನ ಯಂತ್ರಾನುವಾದ ಅದನ್ನು ಮುಖ್ಯಮಂತ್ರಿಯೇ ತೀರಿಕೊಂಡರು ಅನ್ನೋ ಅರ್ಥ ಬರೋ ಹಾಗೆ ಇಂಗ್ಲಿಷ್‌ಗೆ ತಿರುಗಿಸಿತ್ತು. ಆಮೇಲೆ ಮೆಟಾ ಕಂಪನಿ ಕ್ಷಮೆ ಕೇಳಿತು.

ಈಗ ನಮ್ಮ ಜಿಲ್ಲೆಯ ಮೂರು ಊರಿನ ಕೆಲಸ ತಗೊಂಡು ನೋಡೋಣ.

1. ಬ್ಯಾಡಗಿ: ಲೆಕ್ಕ

2011ರಲ್ಲಿ ಜಿಐ ಟ್ಯಾಗ್ ಪಡೆದ ಬ್ಯಾಡಗಿ ಮೆಣಸಿನಕಾಯಿ ಕ್ವಿಂಟಾಲ್ ಲೆಕ್ಕದಲ್ಲಿ ಮಾರಾಟ ಆಗತ್ತೆ. ಕಡ್ಡಿ, ಡಬ್ಬಿ, ಗುಂಟೂರು, ಒಂದೊಂದಕ್ಕೂ ಬೇರೆ ದರ. 'ಇವತ್ತಿನ ಬ್ಯಾಡಗಿ ರೇಟ್ ಎಷ್ಟು' ಅಂತ ಚಾಟ್‌ಬಾಟ್ ಕೇಳಿದ್ರೆ ಹಳೇ ದರವನ್ನೋ ಬೇರೆ ತಳಿಯ ದರವನ್ನೋ ಹೇಳಬಹುದು. ದರ ಬೇಕಾದ್ರೆ ಎಪಿಎಂಸಿ ಅಥವಾ ಸರ್ಕಾರದ ಕೃಷಿ ಮಾರಾಟ ವಾಹಿನಿ ನೋಡಬೇಕು. 2024ರ ಮಾರ್ಚ್ 11ರಂದು ಬೆಲೆ ಕುಸಿದು ಸಿಟ್ಟಿಗೆದ್ದ ರೈತರು ಇದೇ ಮಾರ್ಕೆಟ್‌ನಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರಬೇಕು. ಇಲ್ಲಿ ದರ ಅನ್ನೋದು ಒಂದು ಕುಟುಂಬದ ವರ್ಷದ ದುಡಿಮೆ.

ಎಕ್ಸೆಲ್ ಫಾರ್ಮುಲಾ ಬರೆಸೋದ್ರಲ್ಲಿ ತಪ್ಪಿಲ್ಲ. ಆದರೆ ಒಂದು ಸಾಲನ್ನಾದ್ರೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡ್ರಿ. ಉದಾಹರಣೆಗೆ 7 ಚೀಲ, ಒಟ್ಟು ತೂಕ 275.5 ಕೆಜಿ, ಖಾಲಿ ಚೀಲ ತಲಾ 1 ಕೆಜಿ, ದರ ಕ್ವಿಂಟಾಲ್‌ಗೆ 32,450 ರೂಪಾಯಿ ಅಂದ್ಕೊಳ್ಳಿ. ಚೀಲದ ತೂಕ ಕಳೆದ್ರೆ 268.5 ಕೆಜಿಗೆ 87,128.25 ರೂಪಾಯಿ. ಕಳೆಯೋದು ಮರೆತ್ರೆ 89,399.75. ಎರಡೂ ಸಂಖ್ಯೆ ನೋಡೋಕೆ ಸರಿಯಾಗೇ ಕಾಣ್ತವೆ, ವ್ಯತ್ಯಾಸ ಮಾತ್ರ 2,271.50 ರೂಪಾಯಿ. ಚೀಲದ ತೂಕ ಕಳೀಬೇಕು ಅಂತ ಗೊತ್ತಿದ್ದವರಿಗೆ ಮಾತ್ರ ಇದು ಸಿಗತ್ತೆ.

2. ರಾಣೆಬೆನ್ನೂರು: ಅನುವಾದ

ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಬೀಜದ ಪ್ಯಾಕೆಟ್ ಮೇಲೆ ತಳಿ, ಲಾಟ್ ನಂಬರ್, ಪರೀಕ್ಷೆಯ ದಿನ, ಮೊಳಕೆ ಪ್ರಮಾಣ, ಶುದ್ಧತೆ ಎಲ್ಲಾ ಇರತ್ತೆ. ಔಷಧ ಲೇಪಿಸಿದ ಬೀಜವಾದ್ರೆ ಅದನ್ನು ಆಹಾರಕ್ಕಾಗಲಿ ಮೇವಿಗಾಗಲಿ ಬಳಸಬಾರದು ಅನ್ನೋ ಎಚ್ಚರಿಕೆಯೂ ಬೇಕು. ಇಂಗ್ಲಿಷ್‌ನಲ್ಲಿ 'ನಾಟ್' ಅನ್ನೋದು ಬೇರೆ ಪದವಾಗಿ ನಿಲ್ಲತ್ತೆ. ಕನ್ನಡದಲ್ಲಿ 'ಬಳಸಬಹುದು', 'ಬಳಸಬಾರದು', ವ್ಯತ್ಯಾಸ ಪದದ ಬಾಲದಲ್ಲಿದೆ. ಬೇಗ ಓದಿದ್ರೆ ಕಣ್ಣು ತಪ್ಪತ್ತೆ.

ಆದ್ದರಿಂದ ಅಂಕಿಗಳು, ಅಳತೆಗಳು, 'ಬೇಡ-ಬಾರದು'ಗಳು, ಈ ಮೂರನ್ನು ಮೂಲದ ಜೊತೆ ಬೆರಳಿಟ್ಟು ಓದಬೇಕು. ಮಿಲಿ ಲೀಟರ್‌ಗೆ ಎಷ್ಟು, ಎಕರೆಗೆ ಎಷ್ಟು ಅನ್ನೋದು ಅದಲು ಬದಲಾದ್ರೆ ಬೆಳೆ ಹೋಗತ್ತೆ. ಪ್ರಿಂಟಿಗೆ ಕಳಿಸೋ ಮುಂಚೆ ಒಕ್ಕಲುತನ ಗೊತ್ತಿರೋ ಒಬ್ಬರ ಹತ್ತಿರ ಗಟ್ಟಿಯಾಗಿ ಓದಿಸೋದು ಒಳ್ಳೇದು.

3. ಹಾವೇರಿ: ಡಿಟಿಪಿ

ಜಿಲ್ಲಾ ಕೇಂದ್ರ ಅಂದ್ಮೇಲೆ ಅರ್ಜಿ, ಅಫಿಡವಿಟ್, ಲಗ್ನಪತ್ರಿಕೆ ಟೈಪ್ ಮಾಡಿಸೋರು ಇದ್ದೇ ಇರ್ತಾರೆ. ನುಡಿಯ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಯೂನಿಕೋಡ್ ಅಲ್ಲ. ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡ್, ಅದಕ್ಕೆ ಕನ್ನಡದ ಆಕಾರ ಕೊಡೋದು ಫಾಂಟ್. ಅದನ್ನು ಹಾಗೇ ಎಐ ಟೂಲ್‌ಗೆ ಪೇಸ್ಟ್ ಮಾಡಿದ್ರೆ ಅದು ಊಹೆ ಮಾಡೋಕೆ ಶುರು ಮಾಡಬಹುದು. ಮೊದಲು ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ತನ್ನಿ, ಒತ್ತಕ್ಷರ, ಅರ್ಕಾವತ್ತು, ಹೆಸರು, ಸರ್ವೆ ನಂಬರ್ ನೋಡಿ, ಆಮೇಲೆ ಟೂಲ್ ಬಳಸಿ.

ಇನ್ನೊಂದು ಮುಖ್ಯ ಮಾತು. ಗಿರಾಕಿ ಕೊಟ್ಟ ಆಧಾರ್, ಪಹಣಿ, ಪಾಸ್‌ಬುಕ್‌ನ ಫೋಟೋ ಅವರನ್ನು ಕೇಳದೆ ಆನ್‌ಲೈನ್ ಟೂಲ್‌ಗೆ ಹಾಕೋ ಹಕ್ಕು ನಮಗಿಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಹೆಸರು, ನಂಬರ್ ತೆಗೆದು 'ಕ', 'ಖ' ಅಂತ ಹಾಕಿ ಕರಡು ಬರೆಸಿ, ಕೊನೆಗೆ ಆಫ್‌ಲೈನ್‌ನಲ್ಲಿ ತುಂಬಿ.

ಕೆಲಸ ಕೊಡೋ ಮುಂಚೆ ಮೂರು ಪ್ರಶ್ನೆ

• ಇದು ತಪ್ಪಾದ್ರೆ ನಷ್ಟ ಯಾರಿಗೆ?
• ತಪ್ಪು ಹಿಡಿಯುವಷ್ಟು ಈ ವಿಷಯ ನನಗೆ ಗೊತ್ತಾ? ಇಲ್ಲಾಂದ್ರೆ ಯಾರಿಗೆ ಗೊತ್ತು?
• ಈ ಮಾಹಿತಿ ಟೂಲ್‌ಗೆ ಹಾಕೋಕೆ ಅದರ ಒಡೆಯರು ಒಪ್ಪಿದ್ದಾರಾ?

ಬರೀ ಕಾಪಿ-ಪೇಸ್ಟ್ ಮಾಡೋದಾದ್ರೆ ಅಂಗಡಿ ಮಾಲೀಕರೇ ತಮ್ಮ ಫೋನ್‌ನಲ್ಲಿ ಮಾಡ್ಕೋತಾರೆ, ನಾವ್ಯಾಕೆ ಬೇಕು? ತಾಳೆ ನೋಡೋಕೆ ಬರೋರಿಗೆ ಸಂಬಳ ಸಿಗತ್ತೆ.

ಅಭ್ಯಾಸ: ಮನೆಯಲ್ಲಿರೋ ಬೀಜ ಅಥವಾ ಗೊಬ್ಬರದ ಚೀಲದ ಇಂಗ್ಲಿಷ್ ಸೂಚನೆಯನ್ನು ಎಐನಿಂದ ಕನ್ನಡಕ್ಕೆ ಮಾಡಿಸಿ. ಅಂಕಿ, ಅಳತೆ, 'ಬಾರದು'ಗಳಿಗೆ ಕೆಂಪು ಗೆರೆ ಎಳೆದು ಮೂಲದ ಜೊತೆ ಹೋಲಿಸಿ. ಆಮೇಲೆ ಮನೆಯ ಹಿರಿಯರಿಗೆ ಓದಿ ಹೇಳಿ, 'ಇದರ ಪ್ರಕಾರ ನೀವು ಏನು ಮಾಡ್ತೀರಿ?' ಅಂತ ಕೇಳಿ. ಅವರು ಹೇಳಿದ್ದು ಮೂಲದಲ್ಲಿ ಇರೋದಕ್ಕೆ ಹೊಂದಿದ್ರೆ ನಿಮ್ಮ ಅನುವಾದ ಪಾಸ್.