ಜಾಯ್‌ಸ್ಟಿಕ್ ಮೇಲಿನ ಪ್ಲಾಸ್ಟಿಕ್ ಹಾಳೆ: ಸುಲಿಯುವವರಿಗೆ ಕೆಲವು ಪಾಠಗಳು

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳ ಅಟ್ಟದಿಂದ ಇಳಿದು ನನ್ನ ಮೇಜಿಗೆ ಬರುವ ಟಿವಿ ಗೇಮ್‌ಗಳಲ್ಲಿ ಹೆಚ್ಚಿನವು ಅಸಲಿ ನಿಂಟೆಂಡೊ ಅಲ್ಲ. 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ತದ್ರೂಪುಗಳು. ಮಾರಿಯೊ, ಕಾಂಟ್ರಾ, ಡಕ್ ಹಂಟ್ ಎಲ್ಲ ಒಂದೇ ಕ್ಯಾಸೆಟ್‌ನಲ್ಲಿ ಸಿಗುತ್ತಿದ್ದ ತೊಂಬತ್ತರ ದಶಕದವು. ಅಡಾಪ್ಟರ್ ಕಳೆದುಹೋಗಿರುತ್ತದೆ, ಗನ್ನಿನ ವೈರ್ ಕಿತ್ತಿರುತ್ತದೆ. ಜಾಯ್‌ಸ್ಟಿಕ್ ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಹಾಗೇ ಇರುತ್ತದೆ. ಕಷ್ಟಪಟ್ಟು ದುಡ್ಡು ಕೂಡಿಸಿ ತಂದ ವಸ್ತು, ಹೊಸದಾಗಿಯೇ ಇರಲಿ ಎಂದು ಸುಲಿಯದೆ ಬಿಟ್ಟ ಮನೆಯವರ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ಕಾಪಾಡಲೆಂದು ಬಿಟ್ಟ ಹಾಳೆಯೇ ಈಗ ವಸ್ತುವನ್ನು ತಿನ್ನುತ್ತಿದೆ. ಅದನ್ನು ತೆಗೆಯಬೇಕು, ಸರಿಯಾಗಿ ತೆಗೆಯಬೇಕು.

1. ಆ ಹಾಳೆ ಇದ್ದದ್ದು ಸಾಗಣೆಗೆ.
ಕಾಮಾಕ್ಷಿಪಾಳ್ಯದ ಸ್ಟೀಲ್ ಕೆಲಸದ ಶೆಡ್ಡುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಶೀಟಿನ ಮೇಲಿನ ನೀಲಿ ಫಿಲ್ಮನ್ನು ಫಿಟ್ಟಿಂಗ್ ಮುಗಿದ ಕೂಡಲೇ ಕಿತ್ತುಬಿಡಬೇಕು, ಬಿಸಿಲು ತಾಗಿದರೆ ಕಚ್ಚಿಕೊಳ್ಳುತ್ತದೆ ಎಂದು. ಜಾಯ್‌ಸ್ಟಿಕ್‌ಗೂ ಇದೇ ಮಾತು. ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಗೀರು ಬೀಳದಿರಲಿ ಎಂದು ಹಚ್ಚಿದ ತೆಳು ಅಂಟಿನ ಹಾಳೆ ಅದು. ಮೂವತ್ತು ಬೇಸಿಗೆ ತಾರಸಿಯ ಕೆಳಗಿನ ಅಟ್ಟದಲ್ಲಿ ಬೆಂದರೆ ಅಂಟು ಗಟ್ಟಿಯಾಗುತ್ತದೆ, ಹಾಳೆ ಹಪ್ಪಳದಂತೆ ಪುಡಿಯಾಗುತ್ತದೆ. ಸುಲಿಯುವುದನ್ನು ಮುಂದೂಡಿದಷ್ಟೂ ಕೆಲಸ ಕಷ್ಟ.

2. ಯಾವುದು ಫಿಲ್ಮ್, ಯಾವುದು ಲೇಬಲ್ ಎಂಬುದು ಮೊದಲು ಇತ್ಯರ್ಥವಾಗಲಿ.
ಅಸಲಿ ಫ್ಯಾಮಿಕಾಮ್ ಜಾಯ್‌ಸ್ಟಿಕ್‌ನ, ಅಂದರೆ ಪ್ಯಾಡಿನ, ಮುಖಕ್ಕೆ ತೆಳುವಾದ ಲೋಹದ ತಗಡು ಅಂಟಿಸಿರುತ್ತಾರೆ. ತದ್ರೂಪುಗಳಲ್ಲಿ ಅದರ ಜಾಗದಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಸ್ಟಿಕರ್ ಇರುತ್ತದೆ. ಸೆಲೆಕ್ಟ್, ಸ್ಟಾರ್ಟ್, ಟರ್ಬೊ ಎಂಬ ಅಕ್ಷರಗಳು ಇರುವುದು ಅದರ ಮೇಲೆಯೇ. ಆತುರದಲ್ಲಿ ಉಗುರು ಹಾಕಿದರೆ ಎರಡೂ ಒಟ್ಟಿಗೆ ಏಳುತ್ತವೆ. ಒಮ್ಮೆ ಸುಕ್ಕಾದ ಲೇಬಲ್ ಮತ್ತೆ ನೆಟ್ಟಗೆ ಕೂರುವುದಿಲ್ಲ. ದೀಪದ ಕೆಳಗೆ ಪ್ಯಾಡನ್ನು ಓರೆಯಾಗಿ ಹಿಡಿದು ನೋಡಿ. ಫಿಲ್ಮಿನ ಅಡಿಯಲ್ಲಿ ಗಾಳಿಗುಳ್ಳೆಗಳಿರುತ್ತವೆ, ಅಂಚಿನಲ್ಲಿ ಧೂಳು ಸೇರಿ ಕಪ್ಪು ಗೆರೆ ಕಟ್ಟಿರುತ್ತದೆ, ಅದರ ಮೈಮೇಲೆ ಅಚ್ಚು ಇರುವುದಿಲ್ಲ. ಅನುಮಾನ ಉಳಿದರೆ ಅವತ್ತಿಗೆ ಕೈ ಹಾಕಬೇಡಿ.

3. ಪ್ಯಾಡನ್ನು ಬಿಚ್ಚಿ, ಮುಂಭಾಗದ ಚಿಪ್ಪನ್ನು ಮಾತ್ರ ಮೇಜಿನ ಮೇಲೆ ಇಟ್ಟುಕೊಳ್ಳಿ.
ಹಾಳೆಯ ಅಂಚು ಎಷ್ಟೋ ಸಲ ಗುಂಡಿಗಳ ಕೆಳಗೆ ಸಿಕ್ಕಿಕೊಂಡಿರುತ್ತದೆ. ಜೊತೆಗೆ ಇನ್ನೊಂದು ಕಾರಣವಿದೆ: ಒಣಹವೆಯಲ್ಲಿ ಪ್ಲಾಸ್ಟಿಕ್ ಹಾಳೆ ಕೀಳುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ಅಸಲಿ ಪ್ಯಾಡಿನೊಳಗಿನ 4021 ಜಾತಿಯ ಐಸಿ ಆಗಲಿ, ತದ್ರೂಪಿನಲ್ಲಿ ಕಪ್ಪು ಅಂಟಿನ ಬೊಟ್ಟಿನಡಿ ಅಡಗಿರುವ ಐಸಿ ಆಗಲಿ ಅದನ್ನು ಸಹಿಸುವ ಜಾತಿಯದಲ್ಲ. ಬೋರ್ಡು, ರಬ್ಬರು, ಗುಂಡಿಗಳನ್ನು ಬೇರೆ ತಟ್ಟೆಯಲ್ಲಿಡಿ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ.

4. ಬೆಚ್ಚಗೆ ಸಾಕು, ಬಿಸಿ ಬೇಡ.
ಕೂದಲು ಒಣಗಿಸುವ ಡ್ರೈಯರನ್ನು ಕಡಿಮೆ ಶಾಖದಲ್ಲಿ ಇಟ್ಟು, ಒಂದು ಗೇಣು ದೂರದಿಂದ ಆಡಿಸುತ್ತಾ ಇರಿ. ಚಿಪ್ಪು ಕೈಗೆ ಬೆಚ್ಚಗೆ ತಾಗಿದರೆ ನಿಲ್ಲಿಸಿ. ಹೆಚ್ಚು ಕಾಸಿದರೆ ಅಂಟು ನೂಲುನೂಲಾಗಿ ಹರಿದು ಅರ್ಧ ಹಾಳೆಯಲ್ಲಿ, ಅರ್ಧ ಪ್ಯಾಡಿನಲ್ಲಿ ಉಳಿಯುತ್ತದೆ. ಪೇಂಟು ಕೀಳುವ ಹೀಟ್ ಗನ್ ಈ ಕೆಲಸಕ್ಕೆ ಅಲ್ಲವೇ ಅಲ್ಲ. ಈ ಚಿಪ್ಪುಗಳ ಎಬಿಎಸ್ ಪ್ಲಾಸ್ಟಿಕ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

5. ಮೇಲಕ್ಕೆ ಎತ್ತಬೇಡಿ, ಹಿಂದಕ್ಕೆ ಮಡಚಿ ಎಳೆಯಿರಿ.
ಈ ಕೆಲಸದ ಪಾಠಗಳಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ಹಾಳೆಯನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಬಲವೆಲ್ಲ ಕೆಳಗಿನ ಲೇಬಲ್ಲಿನ ಮೇಲೆ ಬೀಳುತ್ತದೆ. ಮೂಲೆಯನ್ನು ಬಿಡಿಸಿ, ಹಾಳೆಯನ್ನು ಅದರ ಮೈಮೇಲೆಯೇ ಮಡಚಿ, ಪ್ಯಾಡಿನ ಮೇಲ್ಮೈಗೆ ಒರಗಿಕೊಂಡಂತೆ ಎಳೆಯಬೇಕು. ಆಗ ಲೇಬಲ್ ತನ್ನ ಜಾಗದಲ್ಲೇ ಉಳಿಯುತ್ತದೆ. ಇನ್ನೊಂದು ಕೈಯ ಹೆಬ್ಬೆರಳು ಹಾಳೆ ಏಳುತ್ತಿರುವ ಗೆರೆಯ ಹಿಂದೆ ಒತ್ತಿಕೊಂಡೇ ಸಾಗಲಿ. ಈ ಅಂಟಿನ ಸ್ವಭಾವ ವಿಚಿತ್ರ: ಜೋರಾಗಿ ಎಳೆದಷ್ಟೂ ಗಟ್ಟಿಯಾಗಿ ಹಿಡಿಯುತ್ತದೆ, ನಿಧಾನಿಸಿದರೆ ಬಿಡುತ್ತದೆ.

ಮೂಲೆ ಎಬ್ಬಿಸಲು ಹಳೆಯ ಎಟಿಎಂ ಕಾರ್ಡಿನ ಅಂಚು ಅಥವಾ ಬಿದಿರಿನ ಕಡ್ಡಿ ಸಾಕು. ಬ್ಲೇಡು, ಸ್ಕ್ರೂಡ್ರೈವರ್ ಹತ್ತಿರ ಸುಳಿಯದಿರಲಿ. ಹಾಳೆ ಚೂರುಚೂರಾಗಿ ಮುರಿಯುತ್ತಿದ್ದರೆ ಅದರ ಮೇಲೆ ಪಾರದರ್ಶಕ ಟೇಪನ್ನು ಒತ್ತಿ ಹಚ್ಚಿ, ಎರಡನ್ನೂ ಒಟ್ಟಿಗೆ ಎಳೆಯಿರಿ. ಟೇಪು ಬರಿಯ ಲೇಬಲ್ಲಿಗೆ ತಾಗಬಾರದು.

6. ಉಳಿದ ಅಂಟಿಗೆ ಸೌಮ್ಯದಿಂದ ಶುರು.
ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಹತ್ತಿಯಲ್ಲಿ ಚೂರು ಕೊಬ್ಬರಿ ಎಣ್ಣೆ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಕೊನೆಯದು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಅಚ್ಚಿನ ಅಕ್ಷರಗಳ ಮೇಲೆ ಅದನ್ನು ಉಜ್ಜಬಾರದು. ಮರೆಯ ಜಾಗದಲ್ಲಿ ಮೊದಲು ಪರೀಕ್ಷಿಸಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಎಬಿಎಸ್ ಅನ್ನು ಕರಗಿಸಿಬಿಡುತ್ತದೆ. ಥಿನ್ನರ್, ಪೆಟ್ರೋಲ್ ಕೂಡ ಬೇಡ. ನೀಲಗಿರಿ ಎಣ್ಣೆ ಅಂಟನ್ನು ಚೆನ್ನಾಗಿ ಬಿಡಿಸುತ್ತದಾದರೂ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ. ಅದನ್ನು ನಾನು ಬಳಸುವುದಿಲ್ಲ.

7. ಹಾಳೆಗಿಂತ ದೊಡ್ಡ ಶತ್ರು ಮೆತ್ತನೆಯ ಕವರು ಮತ್ತು ವೈರು.
ನಮ್ಮ ಮನೆಗಳಲ್ಲಿ ಟಿವಿ ರಿಮೋಟಿಗೆ ಹಾಕುವ ಪಾರದರ್ಶಕ ಕವರನ್ನು ಜಾಯ್‌ಸ್ಟಿಕ್‌ಗೂ ತೊಡಿಸಿದವರಿದ್ದಾರೆ. ಅದು ಹೆಚ್ಚಾಗಿ ಪಿವಿಸಿ. ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ದ್ರವ ವರ್ಷಗಳು ಕಳೆದಂತೆ ನಿಧಾನವಾಗಿ ಹೊರಬಂದು, ತಾಗಿದ ಎಬಿಎಸ್ ಒಳಗೆ ಇಳಿಯುತ್ತದೆ. ಪ್ಯಾಡಿನ ವೈರಿನ ಹೊದಿಕೆಯೂ ಪಿವಿಸಿಯೇ. ಆಟ ಮುಗಿದ ಮೇಲೆ ವೈರನ್ನು ಪ್ಯಾಡಿಗೇ ಬಿಗಿಯಾಗಿ ಸುತ್ತಿಡುವ ಅಭ್ಯಾಸ ಎಲ್ಲ ಮಕ್ಕಳಿಗೂ ಇತ್ತು. ಹಾಗೆ ಸುತ್ತಿಟ್ಟ ಪ್ಯಾಡುಗಳ ಬೆನ್ನಲ್ಲಿ ವೈರಿನ ಅಚ್ಚು ಆಳವಾದ ಗೆರೆಗಳಾಗಿ ಮೂಡಿರುತ್ತದೆ. ಫಿಲ್ಮಿನ ಅಂಟನ್ನು ಒರೆಸಬಹುದು. ಈ ಗೆರೆಗಳು ಹೋಗುವುದಿಲ್ಲ. ಉಜ್ಜಿ ಸಮ ಮಾಡಿದರೆ ಚಿಪ್ಪಿನ ಮೂಲ ನುಣುಪು ಹೋಗುತ್ತದೆ. ಅಂಥ ಪ್ಯಾಡನ್ನು ನಾನು ಗೆರೆಗಳ ಸಮೇತವೇ ಹಿಂದಿರುಗಿಸುತ್ತೇನೆ.

8. ಸುಲಿಯಬಾರದ ಸಂದರ್ಭವೂ ಉಂಟು.
ಡಬ್ಬಿಯೇ ಒಡೆಯದ, ಸಂಗ್ರಹಕ್ಕೆಂದೇ ಇಟ್ಟ ವಸ್ತುವಿನ ಹಾಳೆ ಅದರ ಚರಿತ್ರೆಯ ಭಾಗ. ಅದನ್ನು ತಂಪಾದ, ಕತ್ತಲ ಜಾಗದಲ್ಲಿಟ್ಟು ಬಿಡಿ. ಮನೆಯ ಹಿರಿಯರು ಬೇಡವೆಂದರೂ ಬಿಡಿ, ವಸ್ತು ಅವರದು.

ಕೆಂಗೇರಿಯಲ್ಲೋ ವಿಜಯನಗರದಲ್ಲೋ ನಿಮ್ಮ ಮನೆಯ ಅಟ್ಟದ ಮೇಲೆ ಇಂಥದ್ದೊಂದು ಡಬ್ಬಿ ಇದ್ದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಡಿ. ಈ ಭಾನುವಾರ ಇಳಿಸಿ. ಹಾಳೆ ಸುಲಿಯಲು ಪುರುಸೊತ್ತಿಲ್ಲದಿದ್ದರೆ ಅದು ಆಮೇಲಾಗಲಿ, ಕವರನ್ನು ಕಳಚಿ, ಸುತ್ತಿದ ವೈರನ್ನು ಬಿಡಿಸಿ, ಪ್ಯಾಡನ್ನು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಕಪಾಟಿನಲ್ಲಿಡಿ.